ಒಂದಾದ ಜರ್ಮನಿ, ಮರಳಿ ಬಂದ ರಾಜ್ಯಗಳು: 1990ರ ಸ್ಯಾಕ್ಸನಿ ಚುನಾವಣೆ

ಪಾಠದ ಆಶಯ

ಜರ್ಮನಿಯ ಏಕೀಕರಣದ ಪಾಠವು ಬರ್ಲಿನ್ ಗೋಡೆ ಉರುಳಿದ ಪ್ರಸಂಗದೊಂದಿಗೆ ಮುಗಿಯುವುದು ವಾಡಿಕೆ. ಏಕೀಕರಣವಾದ ಹನ್ನೊಂದೇ ದಿನಗಳಲ್ಲಿ ನಡೆದ ರಾಜ್ಯ ಚುನಾವಣೆಗಳನ್ನೂ ಬೋಧಿಸಿದರೆ, ಅಲ್ಪಸಂಖ್ಯಾತ ಭಾಷೆಯ ಶಾಲೆಯೊಂದರ ಭವಿಷ್ಯವು ಎಲ್ಲಿ ನಿರ್ಧಾರವಾಗುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಮನವರಿಕೆಯಾಗುತ್ತದೆ.

ವಿಷಯ ವಿವರಣೆ

ಪೂರ್ವ ಜರ್ಮನಿಯ ಸರ್ಕಾರವು 1952ರಲ್ಲಿ ರಾಜ್ಯಗಳನ್ನು ರದ್ದುಗೊಳಿಸಿ, ಅವುಗಳ ಸ್ಥಾನದಲ್ಲಿ 14 ಜಿಲ್ಲೆಗಳನ್ನು ರಚಿಸಿತ್ತು. 1990ರ ಅಕ್ಟೋಬರ್ 3ರಂದು ದೇಶ ಒಂದಾದಾಗ ಸ್ಯಾಕ್ಸನಿ, ಬ್ರಾಂಡೆನ್‌ಬುರ್ಗ್, ಥುರಿಂಗಿಯ ಮೊದಲಾದ ಐದು ರಾಜ್ಯಗಳು ಮರಳಿ ಅಸ್ತಿತ್ವಕ್ಕೆ ಬಂದವು. ಅಕ್ಟೋಬರ್ 14ರಂದು ಈ ಐದೂ ರಾಜ್ಯಗಳ ವಿಧಾನಸಭೆಗಳಿಗೆ ಚುನಾವಣೆ ನಡೆಯಿತು.

ಪ್ರತಿ ಮತದಾರನಿಗೂ ಎರಡು ಮತಗಳಿದ್ದವು: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷದ ಪಟ್ಟಿಗೆ. ಪಟ್ಟಿಯ ಮತಗಳಲ್ಲಿ ಶೇಕಡಾ 5ನ್ನೂ ಪಡೆಯದ ಪಕ್ಷಕ್ಕೆ ಪಟ್ಟಿಯಿಂದ ಸ್ಥಾನ ದೊರೆಯುತ್ತಿರಲಿಲ್ಲ. ಸ್ಯಾಕ್ಸನಿಯ 160 ಸ್ಥಾನಗಳಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷವು ಶೇಕಡಾ 53.8 ಮತಗಳೊಂದಿಗೆ 92ನ್ನು ಗೆದ್ದಿತು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ಶೇಕಡಾ 19.1 ಮತಗಳೂ 32 ಸ್ಥಾನಗಳೂ ದೊರೆತವು. ಪಶ್ಚಿಮ ಜರ್ಮನಿಯಿಂದ ಬಂದ ಕುರ್ಟ್ ಬೀಡೆನ್‌ಕೋಫ್ ರಾಜ್ಯದ ಮುಖ್ಯಮಂತ್ರಿಯಾದರು.

ಹೀಗೆ ಆಯ್ಕೆಯಾದ ಸಭೆಯ ಕೈಗೆ ಶಾಲಾ ಶಿಕ್ಷಣವೂ ಬಂದಿತು. ಜರ್ಮನಿಯಲ್ಲಿ ಅದು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಇದರ ಪರಿಣಾಮವನ್ನು ವಿಶೇಷವಾಗಿ ಅನುಭವಿಸಿದವರು ಸೋರ್ಬ್ ಜನರು. ಸ್ಲಾವಿಕ್ ಕುಲದ ಭಾಷೆಯನ್ನಾಡುವ ಈ ಸಮುದಾಯದ ಜನಸಂಖ್ಯೆ ಸುಮಾರು 60,000 ಎಂದು ಅಂದಾಜು. ರಾಜ್ಯದ ಗಡಿಯು ಅವರನ್ನು ಎರಡಾಗಿ ಹಂಚಿದೆ: ಮೇಲಿನ ಸೋರ್ಬಿಯನ್ ನುಡಿಯವರು ಸ್ಯಾಕ್ಸನಿಯ ಬೌಟ್ಸೆನ್ ಪರಿಸರದಲ್ಲಿಯೂ, ಕೆಳಗಿನ ಸೋರ್ಬಿಯನ್ ನುಡಿಯವರು ಬ್ರಾಂಡೆನ್‌ಬುರ್ಗ್‌ನ ಕೋಟ್‌ಬುಸ್ ಪರಿಸರದಲ್ಲಿಯೂ ನೆಲೆಸಿದ್ದಾರೆ.

1992ರಲ್ಲಿ ಸ್ಯಾಕ್ಸನಿಯ ವಿಧಾನಸಭೆ ಅಂಗೀಕರಿಸಿದ ರಾಜ್ಯ ಸಂವಿಧಾನದ 6ನೆಯ ವಿಧಿಯು, ಸೋರ್ಬರು ತಮ್ಮ ಭಾಷೆ, ಸಂಸ್ಕೃತಿ ಮತ್ತು ಪರಂಪರೆಯನ್ನು ಶಾಲೆಗಳ ಮೂಲಕವೂ ಉಳಿಸಿಕೊಳ್ಳುವ ಹಕ್ಕಿಗೆ ರಕ್ಷಣೆ ನೀಡಿತು. ಅದೇ ವರ್ಷ ಬ್ರಾಂಡೆನ್‌ಬುರ್ಗ್‌ನ ಸಂವಿಧಾನವೂ 25ನೆಯ ವಿಧಿಯಲ್ಲಿ ಅವರ ಹಕ್ಕುಗಳನ್ನು ದಾಖಲಿಸಿತು.

ಆದರೆ 2001ರಲ್ಲಿ ಸ್ಯಾಕ್ಸನಿಯ ಕ್ರೋಸ್ಟ್‌ವಿಟ್ಸ್ ಎಂಬ ಸೋರ್ಬ್ ಗ್ರಾಮದ ಶಾಲೆಯಲ್ಲಿ, ಮಕ್ಕಳ ಸಂಖ್ಯೆ ಸಾಲದೆಂಬ ಕಾರಣಕ್ಕೆ ಐದನೆಯ ತರಗತಿಯನ್ನು ತೆರೆಯಲು ಸರ್ಕಾರ ಅನುಮತಿ ನೀಡಲಿಲ್ಲ. ಪೋಷಕರು ವಾರಗಟ್ಟಲೆ ಪ್ರತಿಭಟಿಸಿದರು. 2003ರಲ್ಲಿ ಆ ಮಾಧ್ಯಮಿಕ ಶಾಲೆ ಮುಚ್ಚಿತು. ಸಂವಿಧಾನದ ವಿಧಿ ಹಾಗೆಯೇ ಇತ್ತು; ತರಗತಿಗೆ ಕನಿಷ್ಠ ಎಷ್ಟು ಮಕ್ಕಳಿರಬೇಕೆಂಬ ನಿಯಮವೇ ಮೇಲುಗೈ ಪಡೆಯಿತು. ಭಾಷೆಯ ಹಕ್ಕನ್ನು ಬರೆದಿಡುವುದು ಒಂದು ಕಾರ್ಯ. ಸಣ್ಣ ಸಮುದಾಯದ ಶಾಲೆಗೆ ಹೊಂದುವಂತೆ ನಿಯಮಗಳನ್ನು ರೂಪಿಸುವುದು ಇನ್ನೊಂದು. ಎರಡನೆಯದಕ್ಕೆ ಸಭೆಯ ಮೇಲೆ ಜನರ ನಿರಂತರ ಒತ್ತಾಯ ಬೇಕಾಗುತ್ತದೆ.

ತರಗತಿ ಚಟುವಟಿಕೆಗಳು

1. 160ರಲ್ಲಿ 92 ಎಂದರೆ ಶೇಕಡಾ ಎಷ್ಟು? ವಿದ್ಯಾರ್ಥಿಗಳು 57.5 ಎಂಬ ಉತ್ತರ ಪಡೆದ ಮೇಲೆ, ಅದು ಮತಗಳ ಪ್ರಮಾಣಕ್ಕಿಂತ ಏಕೆ ಹೆಚ್ಚಾಯಿತೆಂದು ಚರ್ಚಿಸಲಿ. ಶೇಕಡಾ 5ರ ಮಿತಿಯನ್ನು ದಾಟದ ಪಕ್ಷಗಳ ಮತಗಳು ಸ್ಥಾನ ಹಂಚಿಕೆಯ ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನು ಅವರೇ ಕಂಡುಕೊಳ್ಳುವಂತೆ ಶಿಕ್ಷಕರು ನೆರವಾಗಬೇಕು.

2. ಭಾರತದ ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ನಮ್ಮ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಈ ವಿಧಿಯನ್ನು ಓದಿಸಿ, ಸ್ಯಾಕ್ಸನಿಯ 6ನೆಯ ವಿಧಿಯ ಆಶಯದೊಡನೆ ಹೋಲಿಸಿರಿ.

3. ಕ್ರೋಸ್ಟ್‌ವಿಟ್ಸ್‌ನ ಮಕ್ಕಳಿಗೆ ತೊಡಕಾದದ್ದು ಪ್ರಾಥಮಿಕ ಹಂತ ಮುಗಿದೊಡನೆ. ನಮ್ಮ ಶಾಲೆಯ ಮಕ್ಕಳು ಪ್ರಾಥಮಿಕ ಹಂತದ ಅನಂತರ ಕನ್ನಡದಲ್ಲಿ ಎಲ್ಲಿ, ಎಷ್ಟು ದೂರದಲ್ಲಿ ಓದು ಮುಂದುವರಿಸಬಲ್ಲರು? ವಿದ್ಯಾರ್ಥಿಗಳು ವಿಚಾರಿಸಿ ಒಂದು ಪುಟ ಬರೆದು ತರಲಿ.