ಹಿತ್ತಲ ಸೊಪ್ಪು: ಕೊಯ್ಲು ಮತ್ತು ಅಡಿಗೆ

ಕೈತೋಟದಲ್ಲಿ ಸೊಪ್ಪು ಬೆಳೆಯುವ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಲ್ಲ. ಆದರೆ ಬೆಳೆದ ಸೊಪ್ಪಿನ ಸತ್ವವೆಲ್ಲ ಊಟದ ತಟ್ಟೆಯನ್ನು ಸೇರುತ್ತಿದೆಯೇ ಎಂಬುದು ಯೋಚಿಸಬೇಕಾದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಸೊಪ್ಪೊಂದರಿಂದಲೇ ಇದು ನೀಗುವುದಿಲ್ಲ. ಆದರೂ ಕಬ್ಬಿಣ, ಫೋಲಿಕ್ ಆಮ್ಲ, ‘ಎ’ ಮತ್ತು ‘ಸಿ’ ಜೀವಸತ್ವಗಳು ಕಡಿಮೆ ಖರ್ಚಿನಲ್ಲಿ ದೊರೆಯುವುದು ಸೊಪ್ಪಿನಿಂದ. ಈ ಸತ್ವ ಕೊಯ್ಲಿನ ನಂತರ ಹಾಳಾಗದಂತೆ ನೋಡಿಕೊಳ್ಳುವುದು ಮುಖ್ಯ.

ಕೊಯ್ಲು

ದಂಟು: ಕೀಳುವ ತಳಿಗಳನ್ನು ಬಿತ್ತಿದ 25ರಿಂದ 30 ದಿನಗಳಲ್ಲಿ ಬೇರುಸಹಿತ ಕೀಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ತಳಿಯನ್ನು ಸುಮಾರು 25 ದಿನಕ್ಕೆ ಮೊದಲ ಸಲ ಕೊಯ್ದು, 90 ದಿನಗಳಲ್ಲಿ 5-6 ಸಲ ಕೊಯ್ಯಬಹುದು. ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ಮೆಂತ್ಯ: 25-30 ದಿನಗಳಲ್ಲಿ, ಹೂ ಬಿಡುವ ಮೊದಲೇ ಕೀಳಬೇಕು.

ಪಾಲಕ್: 30-40 ದಿನಗಳಲ್ಲಿ ಹೊರಗಿನ ಎಲೆಗಳನ್ನು ಕೊಯ್ದು, ನಡುವಿನ ಸುಳಿಯನ್ನು ಉಳಿಸಬೇಕು.

ಬಸಳೆ: ಗೇಣುದ್ದ ಎಳೆ ಕುಡಿ ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ.

ಬೆಳಗಿನ ತಂಪಿನಲ್ಲಿ ಕೊಯ್ದು, ನೆರಳಿನಲ್ಲಿ ಒದ್ದೆ ಬಟ್ಟೆ ಮುಚ್ಚಿಡಿ, ಅಂದೇ ಬಳಸಿ. ಔಷಧಿ ಸಿಂಪಡಿಸಿದ್ದರೆ ಡಬ್ಬಿಯ ಚೀಟಿಯಲ್ಲಿ ಸೂಚಿಸಿದ ದಿನಗಳು ಕಳೆಯುವವರೆಗೆ ಕೊಯ್ಯಬೇಡಿ.

ಹೆಚ್ಚುವ ಮೊದಲು ತೊಳೆಯಿರಿ

ಇಡೀ ಸೊಪ್ಪನ್ನು ಮೂರು ನಾಲ್ಕು ನೀರಿನಲ್ಲಿ, ಮಣ್ಣು ಹೋಗುವವರೆಗೆ ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ನೀರಿನಲ್ಲಿ ನೆನೆಹಾಕಿದರೆ ‘ಸಿ’ ಜೀವಸತ್ವ ಮತ್ತು ಫೋಲಿಕ್ ಆಮ್ಲ ನೀರಿಗೆ ಇಳಿದುಹೋಗುತ್ತವೆ. ಹಸಿರು ಬಣ್ಣ ಉಳಿಯಲೆಂದು ಸೋಡ ಹಾಕುವುದೂ ತಪ್ಪು. ಅದರಿಂದ ‘ಸಿ’ ಜೀವಸತ್ವ ನಾಶವಾಗುತ್ತದೆ.

ಬಸ್ಸಾರಿನ ಜಾಣತನ

ಬೇಯಿಸಿದ ನೀರನ್ನು ಚೆಲ್ಲದಿರುವ ಉಪಾಯ ನಮ್ಮ ಹಳೆಯ ಮೈಸೂರು ಸೀಮೆಯ ಅಡಿಗೆಯಲ್ಲೇ ಇದೆ. ಐದು ಜನರಿಗೆ ಅರ್ಧ ಕಿಲೋ ದಂಟಿನ ಸೊಪ್ಪು, 150 ಗ್ರಾಂ ತೊಗರಿಬೇಳೆ ಸಾಕು. ಒಂದೂವರೆ ಲೀಟರ್ ನೀರಿನಲ್ಲಿ ಬೇಳೆಯನ್ನು ಮುಕ್ಕಾಲು ಬೇಯಿಸಿ, ಹೆಚ್ಚಿದ ಸೊಪ್ಪು ಹಾಕಿ, ಮುಚ್ಚಳ ಮುಚ್ಚಿ, ಸೊಪ್ಪು ಮೆತ್ತಗಾದ ಕೂಡಲೇ ಕಟ್ಟನ್ನು ಬಸಿಯಿರಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆ ಮತ್ತು ಒಂದು ಹಿಡಿ ಬೆಂದ ಸೊಪ್ಪನ್ನು ರುಬ್ಬಿ ಈ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಎಣ್ಣೆ ಒಗ್ಗರಣೆ ಹಾಕಿ ಕಾಯಿತುರಿ ಬೆರೆಸಿದರೆ ಪಲ್ಯ. ಮುದ್ದೆಯ ಜೊತೆ ಎರಡೂ ಸೇರಿದರೆ ಸೊಪ್ಪಿನ ಸತ್ವದ ಬಹುಪಾಲು ಹೊಟ್ಟೆಗೇ ಸೇರುತ್ತದೆ.

ಒಗ್ಗರಣೆಯ ಎಣ್ಣೆಯಿಂದ ‘ಎ’ ಜೀವಸತ್ವ ಮೈಗೆ ಹತ್ತುತ್ತದೆ. ಬಡಿಸುವಾಗ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಈ ಲಾಭ ತಗ್ಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಮಾತ್ರ ದಂಟು, ಪಾಲಕ್, ಬಸಳೆಗಳ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಇವುಗಳಲ್ಲಿ ಆಕ್ಸಲೇಟ್ ಅಂಶ ಹೆಚ್ಚು, ಅದು ಕಟ್ಟಿಗೂ ಇಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ಎಷ್ಟೋ ಮನೆಗಳಲ್ಲಿ ಅಡಿಗೆ ಮಾಡಿದ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಾರೆ. ಅಷ್ಟರಲ್ಲಿ ಪಲ್ಯದ ಪಾತ್ರೆ ಬರಿದಾಗಿರುತ್ತದೆ. ರಕ್ತಹೀನತೆ ಹೆಚ್ಚಾಗಿ ಕಾಡುವುದು ಅವರನ್ನೇ. ಆದುದರಿಂದ ಬಸುರಿ, ಬಾಣಂತಿಯರ ಮತ್ತು ಮಕ್ಕಳ ಪಾಲಿನ ಸೊಪ್ಪನ್ನು ಮೊದಲೇ ತೆಗೆದಿಡಿ.