ಆಕಾಶಗಂಗೆಯ ರೈಲುಬಂಡಿ



ಈ ಸಲ ಭೂಪಟದಲ್ಲಿಲ್ಲದ ಒಂದು ರೈಲುದಾರಿಯನ್ನು ಕುರಿತು ಪಾಠ ಹೇಳಲಿಚ್ಛಿಸುತ್ತೇವೆ. ಅದನ್ನು ಕಲ್ಪಿಸಿದವರು ಜಪಾನಿನ ಹನಮಾಕಿ ಊರಿನ ಮಿಯಾಜಾವಾ ಕೆಂಜಿ ಎಂಬ ಬೌದ್ಧ ಕವಿಗಳು. 1896ರಲ್ಲಿ ಜನಿಸಿದ ಇವರು ಕೆಲವು ವರ್ಷ ಕೃಷಿಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಇವರ ಪ್ರಿಯ ತಂಗಿ ತೋಶಿ ಅದೇ ಊರಿನ ಬಾಲಿಕಾ ಪ್ರೌಢಶಾಲೆಯಲ್ಲಿ ಓದಿ, ಅಲ್ಲಿಯೇ ಉಪಾಧ್ಯಾಯಿನಿಯಾಗಿ, 1922ರಲ್ಲಿ 24ನೆಯ ವಯಸ್ಸಿನಲ್ಲಿ ಕಾಲವಾದಳು. ಆ ದುಃಖದ ತರುವಾಯ ಅಣ್ಣನು ಬರೆದು, ಮತ್ತೆ ಮತ್ತೆ ತಿದ್ದಿದ ಕಥೆಯಿದು. ಅವರು 1933ರಲ್ಲಿ ತೀರಿಕೊಂಡ ಬಳಿಕ, 1934ರಲ್ಲಿ ಅಚ್ಚಾಯಿತು.

ಕಥೆಯ ಆರಂಭವೇ ಒಂದು ತರಗತಿ. ಆಕಾಶದ ಬಿಳಿಯ ಪಟ್ಟೆ ಏನೆಂದು ಉಪಾಧ್ಯಾಯರು ಕೇಳುತ್ತಾರೆ. ಅದು ನಕ್ಷತ್ರಗಳ ರಾಶಿಯೆಂದು ಜೊವಾನಿಗೆ ಗೊತ್ತು. ಆದರೂ ಬಾಯಿ ಬಾರದು. ತಾಯಿ ಕಾಯಿಲೆಯವಳು, ತಂದೆ ದೂರದೇಶದಲ್ಲಿ. ಬಾಲಕನು ಅಚ್ಚುಕೂಟದಲ್ಲಿ ಮೊಳೆ ಆರಿಸಿ ದುಡಿದು ದಣಿದವನು. ಗೆಳೆಯ ಕಂಪನೆಲ್ಲನೂ ಉತ್ತರ ಬಲ್ಲವನಾದರೂ, ಇವನ ಮೇಲಣ ಮರುಕದಿಂದ ಸುಮ್ಮನಿರುತ್ತಾನೆ.

ಕಂಪನೆಲ್ಲನ ಮನೆಯಲ್ಲಿ ಸ್ಪಿರಿಟ್ ದೀಪದಿಂದ ಓಡುವ ಆಟದ ಬಂಡಿಯೊಂದಿತ್ತು. ನೀರು ಆವಿಯಾದಾಗ 1,600 ಮಡಿಗೂ ಮಿಕ್ಕಿ ಹಿಗ್ಗುವುದು. ಆ ಒತ್ತಡವೇ ಪಿಸ್ಟನನ್ನು ನೂಕಿ ಗಾಲಿಯನ್ನು ತಿರುಗಿಸುವುದು. ಒಮ್ಮೆ ಸ್ಪಿರಿಟ್ ಮುಗಿದು ಸೀಮೆಎಣ್ಣೆ ಉರಿಸಲು ಬಾಯ್ಲರಿಗೆಲ್ಲಾ ಮಸಿ ಹಿಡಿಯಿತಂತೆ. ಪೂರ್ತಿ ಉರಿಯದೆ ಉಳಿದ ಇಂಗಾಲವೇ ಮಸಿಯೆಂದು ನೀವು ಓದಿದ್ದೀರಿ.

ಹಬ್ಬದ ರಾತ್ರಿ ಜೊವಾನಿ ಬೆಟ್ಟದ ಮೇಲೆ ಮಲಗಿದ್ದಾಗ, ತಾನು ಗೆಳೆಯನೊಡನೆ ರೈಲಿನಲ್ಲಿರುವುದನ್ನು ಕಾಣುತ್ತಾನೆ. ನೀಲಿ ಮಖಮಲ್ಲಿನ ಆಸನಗಳು. ಆದರೆ ಎಂಜಿನಿಗೆ ಕಲ್ಲಿದ್ದಲಿಲ್ಲ. ದಾರಿ ಹಂಸ ನಕ್ಷತ್ರಪುಂಜದಿಂದ ದಕ್ಷಿಣ ಶಿಲುಬೆಯವರೆಗೆ. ಹಿಮಗಡ್ಡೆಗೆ ತಾಗಿ ಮುಳುಗಿದ ಹಡಗಿನ ಮಕ್ಕಳೂ ಅವರ ಗುರುವೂ ನಡುವೆ ಹತ್ತುತ್ತಾರೆ. ಓದುವವರಿಗೆ 1912ರ ಟೈಟಾನಿಕ್ ದುರಂತ ನೆನಪಾಗುವುದು. ಅನ್ಯರ ಮಕ್ಕಳನ್ನು ತಳ್ಳಿ ದೋಣಿಯೇರಲು ಆ ಗುರುವಿಗೆ ಮನಸ್ಸು ಬಂದಿರಲಿಲ್ಲ. ಚೇಳಿನ ಉಪಕಥೆಯೂ ಉಂಟು. ಮುಂಗುಸಿಯಂಥ ಪ್ರಾಣಿಗೆ ಹೆದರಿ ಬಾವಿಗೆ ಬಿದ್ದ ಚೇಳು, ತನ್ನ ದೇಹ ಎಲ್ಲರ ಸುಖಕ್ಕೆ ಸಲ್ಲಲೆಂದು ಪ್ರಾರ್ಥಿಸಿ, ಕೆಂಪಾಗಿ ಉರಿಯುವ ಬೆಳಕಾಯಿತು. ವೃಶ್ಚಿಕದ ಕೆಂಪು ತಾರೆ ನಮ್ಮವರ ಜ್ಯೇಷ್ಠಾ.

ದಕ್ಷಿಣ ಶಿಲುಬೆಯಲ್ಲಿ ಹೆಚ್ಚಿನವರು ಇಳಿಯುತ್ತಾರೆ. ಮುಂದೆ ಕಂಪನೆಲ್ಲನೂ ಕಾಣೆಯಾಗುತ್ತಾನೆ. ಜೊವಾನಿ ಎಚ್ಚೆತ್ತು ಹೊಳೆಯ ಬಳಿ ಬಂದಾಗ ತಿಳಿಯುವುದೇನೆಂದರೆ, ದೋಣಿಯಿಂದ ಬಿದ್ದ ಸಹಪಾಠಿಯನ್ನು ಉಳಿಸಿ ಕಂಪನೆಲ್ಲ ನೀರುಪಾಲಾಗಿದ್ದಾನೆ. ಉಳಿದವನು ಜೊವಾನಿಯನ್ನು ಹಾಸ್ಯಮಾಡುತ್ತಿದ್ದ ಹುಡುಗನೇ. ಗಡಿಯಾರ ಹಿಡಿದು ನಿಂತ ತಂದೆ, ನಲವತ್ತೈದು ನಿಮಿಷ ಕಳೆಯಿತೆನ್ನುತ್ತಾನೆ. ಜೊವಾನಿ ಹಾಲನ್ನು ಹಿಡಿದು ತಾಯಿಯ ಬಳಿಗೆ ಓಡುತ್ತಾನೆ.

ಮೌನವಾಗಿ ನಿಂತ ಬಾಲಿಕೆಯನ್ನು ದಡ್ಡಳೆಂದೆಣಿಸಿ ನಾವೂ ಒಮ್ಮೆ ಗದರಿಸಿದ್ದುಂಟು. ಆಕೆ ಬೆಳಗಿನ ಜಾವ ಎದ್ದು ಮನೆಗೆಲಸ ಮುಗಿಸಿ ಬಂದವಳೆಂದು ತಡವಾಗಿ ತಿಳಿಯಿತು. ಈ ಕಥೆಯನ್ನೋದುವಾಗಲೆಲ್ಲ ಆ ಮುಖ ನಮ್ಮೆದುರು ನಿಲ್ಲುವುದು.

ಹನಮಾಕಿಯಲ್ಲಿ ದಕ್ಷಿಣ ಶಿಲುಬೆ ಎಂದಿಗೂ ಉದಯಿಸದು. ಕವಿಗಳು ತಮ್ಮೂರಿನಿಂದ ಅದನ್ನು ಕಂಡವರಲ್ಲ. ನಮಗೆ ಆ ಭಾಗ್ಯವುಂಟು. ಮೇ ತಿಂಗಳ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ತೆರೆದ ಬಯಲಿನಲ್ಲಿ ತೆಂಕಣ ದಿಕ್ಕಿಗೆ, ದಿಗಂತಕ್ಕೆ ಸಮೀಪವಾಗಿ ನೋಡಿರಿ. ನಿಮ್ಮ ಮಕ್ಕಳಿಗೂ ತೋರಿಸಿರಿ. ಮಾತನಾಡದ ಮಗುವಿದ್ದರೆ, ಮೊದಲು ಅದನ್ನು ಕರೆಯಿರಿ.