ಪಾದರಸಕ್ಕೆ ಜಗ್ಗದ ಕಡಲ ಬ್ಯಾಕ್ಟೀರಿಯಾ

ಮಕ್ಕಳೇ, ಹಳೆಯ ಥರ್ಮಾಮೀಟರಿನೊಳಗೆ ಬೆಳ್ಳಿಯಂತೆ ಹೊಳೆಯುವ ದ್ರವವನ್ನು ನೋಡಿದ್ದೀರಾ? ಅದೇ ಪಾದರಸ, ಒಂದು ವಿಷಕಾರಿ ಲೋಹ. ಕಲ್ಲಿದ್ದಲಿನ ಹೊಗೆ ಮತ್ತು ಕಾರ್ಖಾನೆಗಳ ತ್ಯಾಜ್ಯದಿಂದ ಇದು ಸಮುದ್ರವನ್ನೂ ಸೇರುತ್ತದೆ.

ನೀರಿನಲ್ಲಿ ಕರಗಿದ ಪಾದರಸದ ಕಣಗಳು ಸಾಮಾನ್ಯವಾಗಿ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುತ್ತವೆ. ಇವು ಜೀವಕೋಶವನ್ನು ಹೊಕ್ಕು ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಳ್ಳುತ್ತವೆ. ಆಗ ಪ್ರೋಟೀನುಗಳ ಕೆಲಸ ನಿಂತುಹೋಗುತ್ತದೆ. ಹಾಗಾದರೆ ಕಡಲಿನ ಬ್ಯಾಕ್ಟೀರಿಯಾಗಳು ಬದುಕುವುದು ಹೇಗೆ?

ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಭಾರತದ ಕರಾವಳಿಯ ನೀರನ್ನು ಪರೀಕ್ಷಿಸಿದರು. ಪಾದರಸ ಬೆರೆಸಿದ ಆಹಾರದಲ್ಲೂ ಬೆಳೆಯುವ ಬ್ಯಾಕ್ಟೀರಿಯಾಗಳು ಅಲ್ಲಿವೆ ಎಂದು 2003ರಲ್ಲಿ ತಿಳಿಸಿದರು. ಪಾದರಸವನ್ನು ಸಹಿಸುವ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಒಂದು ವಿಶೇಷ ಕಿಣ್ವವಿರುತ್ತದೆ. ಅದು ಪಾದರಸದ ಪ್ರತಿ ಕಣಕ್ಕೂ ಎರಡು ಎಲೆಕ್ಟ್ರಾನುಗಳನ್ನು ಮರಳಿ ಕೊಡುತ್ತದೆ. ಆಗ ಪಾದರಸವು ಕೋಶದಿಂದ ಹೊರಬಂದು, ಆವಿಯಾಗಿ ಗಾಳಿ ಸೇರುತ್ತದೆ. ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ.

ಹಾಗಾದರೆ ಪಾದರಸ ನಾಶವಾಯಿತೇ? ಇಲ್ಲ. ಅದು ಧಾತು, ಯಾವ ಜೀವಿಯೂ ಅದನ್ನು ನಾಶಮಾಡಲಾರದು. ಗಾಳಿ ಸೇರಿದ್ದು ಕಾಲಕ್ರಮೇಣ ಮಳೆಯೊಡನೆ ಮರಳುತ್ತದೆ. ಬೇರೆ ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಇನ್ನೂ ಅಪಾಯಕಾರಿಯಾದ ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಇದು ಮೀನುಗಳ ದೇಹದಲ್ಲಿ ಸಂಗ್ರಹವಾಗುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಪತ್ತೆಯಾದ ಕಾಯಿಲೆಗೆ ಮೀಥೈಲ್ ಪಾದರಸ ತುಂಬಿದ ಮೀನುಗಳೇ ಕಾರಣ. ಅಲ್ಲಿ ಆ ವಿಷ ಕಾರ್ಖಾನೆಯ ತ್ಯಾಜ್ಯದಿಂದ ಬಂದಿತ್ತು.

ಮೈಸೂರಿಗೆ ಸಮುದ್ರ ದೂರವೆನ್ನಬೇಡಿ. ನಮ್ಮ ಕಾವೇರಿಯೂ ಬಂಗಾಳ ಕೊಲ್ಲಿಯನ್ನು ಸೇರುವ ನದಿ. ಥರ್ಮಾಮೀಟರ್ ಒಡೆದರೆ ಪಾದರಸವನ್ನು ಮುಟ್ಟಬೇಡಿ, ಚರಂಡಿಗೆ ಚೆಲ್ಲಬೇಡಿ. ಕೂಡಲೇ ಹಿರಿಯರಿಗೆ ತಿಳಿಸಿ.

ಯೋಚಿಸಿ: ಬ್ಯಾಕ್ಟೀರಿಯಾ ಪಾದರಸವನ್ನು ಹೊರಹಾಕಿದರೂ ಸಮುದ್ರಕ್ಕೆ ಅದರ ಅಪಾಯ ತಪ್ಪುವುದಿಲ್ಲ. ಏಕೆ?